ಪಾಲು

ಹಾಸನದ ಆಲೂಗಡ್ಡೆ ಮಂಡಿಯಲ್ಲಿ
ಇಪ್ಪತ್ತಾರು ವರ್ಷದಿಂದ ತೂಕ ಹಾಕುತ್ತೇನೆ.
ಚೀಲ ಎತ್ತಿದರೆ ಸಾಕು,
ಕಾಲು ಕೆಜಿ ಕಮ್ಮಿಯಿದ್ದರೂ ಹೆಗಲೇ ಹೇಳುತ್ತದೆ.
"ಅದು ಎಷ್ಟು ತೂಗ್ತದೆ ಸಾರ್?" ಎಂದೆ.
ಡಾಕ್ಟರು ನಕ್ಕರು. "ನೂರೈವತ್ತು ಗ್ರಾಂ ಇದ್ದೀತು."
ಅಷ್ಟೇ. ಚೀಲ ಸುರಿಯುವಾಗ ಉರುಳಿಹೋಗುವ ಒಂದು ಗಡ್ಡೆ,
ಯಾರೂ ಬಗ್ಗಿ ಎತ್ತುವುದಿಲ್ಲ.

ಕೋರ್ಟಿನ ಕಾಗದದಲ್ಲಿ ನಾನು ಒಂದನೇ ಪ್ರತಿವಾದಿ.
ವಾದಿ ಇಂದ್ರಾಣಿ, ನನ್ನ ತಂಗಿ.
ದುದ್ದದ ಹತ್ತಿರ ಒಂದೆಕರೆ ಹನ್ನೆರಡು ಗುಂಟೆ,
ಒಂಬತ್ತು ವರ್ಷ ಮಾತಿಲ್ಲ.
ಅವಳು ಆ ಬೆಂಚು, ನಾನು ಈ ಬೆಂಚು,
ನಡುವೆ ಇಬ್ಬರ ಲಾಯರೂ ನಿಂತು
ಒಂದೇ ಟೀ ತರಿಸಿ ಬೈಟು ಕುಡಿಯುತ್ತಿದ್ದರು.

ಸಂಕ್ರಾಂತಿಯ ಮೇಲೆ ಅವಳು ವಾಯಿದೆಗೆ ಬರಲಿಲ್ಲ.
ಮುಂದಿನದಕ್ಕೂ.
"ನಮಗೆ ಒಳ್ಳೇದೇ ಆಯ್ತು ಬಿಡಿ" ಎಂದರು ಲಾಯರು.

ಡಯಾಲಿಸಿಸ್ ವಾರ್ಡಿನಲ್ಲಿ
ಮೊಣಕೈ ಮೇಲೆ ಹುರಿಯಂತೆ ಉಬ್ಬಿದ ನರ,
ಮುಟ್ಟಿದರೆ ಗುಂಯ್ ಎನ್ನುತ್ತಿತ್ತು, ಮಂಡಿಯ ಟ್ರಾನ್ಸ್‌ಫಾರ್ಮರ್ ಹಾಗೆ.
ನೀರಿನ ಬಾಟಲಿಗೆ ಸ್ಕೆಚ್ ಪೆನ್ನಿನ ಗೆರೆ:
ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು.
ಒಂಬತ್ತು ವರ್ಷದ ಮೇಲೆ ಅವಳಾಡಿದ ಮೊದಲ ಮಾತು:
"ಆಲೂಗಡ್ಡೆ ತಿನ್ನಂಗಿಲ್ಲ ಅಂದ್ಬುಟ್ರು ಕಣಣ್ಣ."

ಆರಕ್ಕೆ ಆರೂ ಹೊಂದುತ್ತದೆ, ಅಪರೂಪ, ಎಂದಿತು ರಿಪೋರ್ಟು.
ಅಪ್ಪ ಏನೂ ಬರೆದಿಡದೆ ಸತ್ತನೆಂದು
ಇಬ್ಬರೂ ಬೈದುಕೊಂಡಿದ್ದೆವು.
ಅವನೂ ಅವ್ವನೂ ಒಳಗೇ ಬರೆದಿಟ್ಟಿದ್ದರು,
ಸಾಕ್ಷಿಯಿಲ್ಲದೆ, ಹೆಬ್ಬೆಟ್ಟಿಲ್ಲದೆ,
ಗುಲಗಂಜಿಯಷ್ಟೂ ಆಚೀಚೆಯಾಗದಂತೆ.

ಸರೋಜಿ ಎಂಟು ದಿನ ನನ್ನ ಮುಖ ನೋಡಲಿಲ್ಲ.
ಒಂಬತ್ತನೇ ದಿನ ಬಿತ್ತನೆಗಡ್ಡೆ ಕತ್ತರಿಸುತ್ತ, ಮೊರಕ್ಕೇ ಹೇಳಿದಳು:
"ಹೋಳಿಗೊಂದು ಕಣ್ಣಿದ್ರೆ ಸಾಕು ಅಂತ
ಊರಿಗೆಲ್ಲ ಹೇಳೋರು ನೀವೇ ಅಲ್ವಾ."
ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದಳು.

ಮೈಸೂರಿನಲ್ಲಿ ಕಮಿಟಿ. ವಿಡಿಯೋ ಓಡುತ್ತಿತ್ತು.
ಬಲವಂತ ಇದೆಯಾ? ಇಲ್ಲ.
ದುಡ್ಡು? ಇಲ್ಲ.
ನಿಮ್ಮಿಬ್ಬರ ನಡುವೆ ಬೇರೆ ವ್ಯವಹಾರ?
"ಕೇಸಿದೆ ಸಾರ್."
ಬರೆಯುತ್ತಿದ್ದ ಮೇಡಂ ತಲೆ ಎತ್ತಿದರು.
"ಅವಳು ಕೇಳಿದ್ದನ್ನ ನಾನು ಕೊಟ್ಟಿಲ್ಲ.
ಇದು ಅವಳು ಕೇಳಿದ್ದಲ್ಲ."
ಹೊರಗೆ ಬಂದ ಮೇಲೆ ಬೆವರಿದೆ.

ಎಡಪಕ್ಕೆಯಲ್ಲಿ ಈಗ ಒಂದು ಗೇಣು ಹೊಲಿಗೆ.
ಕೆಮ್ಮಿದರೆ ದಿಂಬು ಒತ್ತಿಕೊಳ್ಳಬೇಕು.
ಮೂರು ತಿಂಗಳು ಚೀಲ ಮುಟ್ಟುವಂತಿಲ್ಲ.
ನಾಲ್ಕನೇ ದಿನ ಗೋಡೆ ಹಿಡಿದು ಹೋದೆ,
ಗಾಜಿನಾಚೆಯಿಂದ ಅವಳು ಬೆರಳು ತೋರಿದಳು,
ಮಂಚಕ್ಕೆ ತೂಗುಬಿಟ್ಟ ಚೀಲದ ಕಡೆಗೆ.
ತುಂಬಿತ್ತು. ಹಳದಿ, ತಿಳಿ.
ಎಷ್ಟು ಚೀಲ ನೋಡಿದ್ದೇನೆ ಜನ್ಮದಲ್ಲಿ,
ಇಂಥದ್ದಕ್ಕೆ ಕಣ್ಣೀರು ಬಂದದ್ದಿಲ್ಲ.

ಹದಿನೇಳಕ್ಕೆ ವಾಯಿದೆ.
"ರಾಜಿ ಬರೆಸ್ಲಾ?" ಲಾಯರು ಫೋನಿನಲ್ಲಿ.
ಗೊತ್ತಿಲ್ಲ. ಹೊಲದ ಮಾತು ಹೊಲದ್ದೇ.
ಮೊದಲು ಅವಳು ಬರಲಿ,
ಅದೇ ಬೆಂಚಿನಲ್ಲಿ ಕೂರಲಿ.
ನೀರಿನ ಬಾಟಲಿ ನಾನು ತರುತ್ತೇನೆ,
ಗೆರೆ ಇಲ್ಲದ್ದು.