ಕಪ್ಪಿನ ಮೇಲೆ ಕಪ್ಪು

ಸಲಾಲಾದ ಈ ಅಂಗಡಿಯಲ್ಲಿ ನನ್ನ ಕೆಲಸ
ಕಪ್ಪು ಅಬಾಯಾಕ್ಕೆ ಕಪ್ಪು ದಾರದ ಕಸೂತಿ.
ಹದಿನಾಲ್ಕು ವರ್ಷ.
ಎಲೆ ಎಲ್ಲಿ ಮುಗಿದು ಬಳ್ಳಿ ಎಲ್ಲಿ ಶುರು
ಬೆರಳಿಗೆ ಗೊತ್ತು; ಕಣ್ಣು ಬರೀ ಸಾಕ್ಷಿ.

ಈಚೆಗೆ ಆ ಸಾಕ್ಷಿ ತಕರಾರು ತೆಗೆದಿತ್ತು.
ಎಸಿಯ ಗಾಳಿ ನೇರ ಮುಖಕ್ಕೆ,
ರೆಪ್ಪೆಯಡಿ ಮರಳು ಹೊರಳಿದಂತೆ,
ಮತ್ತೆ ಕಾರಣವಿಲ್ಲದೆ ದಳದಳ ನೀರು.
"ಊರಿನ ನೆನಪಾ?" ಅಂದ ಅರಬಾಬನ ಮಗ.
ಅಲ್ಲ ಮಾರಾಯ, ಉರಿ.

ಸುಡಾನಿನ ಡಾಕ್ಟರಮ್ಮ, ಇಖ್ಲಾಸ್,
ರೆಪ್ಪೆ ಮಗುಚಿ ನೋಡಿ ಹರಕು ಹಿಂದಿಯಲ್ಲಿ ಅಂದರು:
ನೀರಿದೆ ನಿನ್ನ ಕಣ್ಣಲ್ಲಿ, ನೀರಿಗೆ ಜಿಡ್ಡಿಲ್ಲ.
ಬಂದಷ್ಟೇ ಬೇಗ ಆರಿಹೋಗುತ್ತದೆ.
ಹನಿ ಬರೆದರು. ಪೆನ್ನು ಕೆಳಗಿಟ್ಟು,
ಏನು ತಿನ್ನುತ್ತೀ?

ಏನು ಹೇಳಲಿ.
ಬೆಳಿಗ್ಗೆ ಖುಬ್ಬೂಸ್, ಸುಲೈಮಾನಿ.
ಮಧ್ಯಾಹ್ನ ಖುಬ್ಬೂಸ್, ಒಳಗೆ ಪುಡಿ ಮಾಡಿದ ಚಿಪ್ಸು.
ರಾತ್ರಿ, ಉಳಿದದ್ದು.
ಮೀನೆಣ್ಣೆ ಮಾತ್ರೆ ವರ್ಷಕ್ಕೆ ಆರು ಡಬ್ಬಿ ಕೊಳ್ಳುತ್ತೇನೆ,
ಬೆಳಕಿಗೆ ಹಿಡಿದರೆ ಚಿನ್ನದ ಗುಂಡು;
ಕಾರ್ಗೋ ಪೆಟ್ಟಿಗೆಯಲ್ಲಿ ಹಾಲಿನ ಪುಡಿ, ಸೆಂಟಿನ ನಡುವೆ
ತಮ್ಮನ ಮಕ್ಕಳಿಗೆ ಹೋಗುತ್ತವೆ.
ಒಂದನ್ನೂ ಬಾಯಿಗಿಟ್ಟವನಲ್ಲ.

ಇದನ್ನು ಕೇಳಿ ಕೋಣೆಯ ಮೋನಬ್ಬ ನಕ್ಕ ರೀತಿಗೆ
ಕುಕ್ಕರಿನ ವಿಸಿಲ್ಲು ನಾಚಬೇಕು.
ಶುಕ್ರವಾರ ದಹಾರೀಜಿನ ಕಡಲಿಗೆ ಎಳೆದೊಯ್ದ.
ಮರಳ ಮೇಲೆ ಒಣಹಾಕಿದ ಬೂತಾಯಿ,
ನಮ್ಮದೇ ಬೂತಾಯಿ, ಉದ್ದಕ್ಕೂ ಬೆಳ್ಳಿ ಜರಿ.
ಯಾರ ಊಟಕ್ಕೆ? ಒಂಟೆಗೆ!
ನೋಡು, ಅಂದ, ಒಂಟೆ ನಿನಗಿಂತ ಚೆನ್ನಾಗಿ ಉಣ್ಣುತ್ತದೆ.
ಒಂಟೆ ನನ್ನನ್ನೇ ನೋಡಿತು
ಎರಡು ಸಾಲು ರೆಪ್ಪೆಗೂದಲ ಹಿಂದಿನಿಂದ.
ಒದ್ದೆ ಕಣ್ಣು. ದೊಡ್ಡದು. ಅವಸರವೇ ಇಲ್ಲದ್ದು.

ಈಗ ಪಾಳಿ ಹಾಕಿಕೊಂಡಿದ್ದೇವೆ.
ಹಸಿ ಬೂತಾಯಿಯ ಪುಳಿಮುಂಚಿ ಅವನದು,
ಸೊಪ್ಪು ನನ್ನದು. ಸೂಕಿನಲ್ಲಿ ಬಕ್ಲಾ ಅನ್ನುತ್ತಾರೆ,
ಕಟ್ಟು ಬಿಚ್ಚಿದರೆ ಗೋಣಿ ಸೊಪ್ಪು!
ಅಜ್ಜಿ ಬಾವಿಕಟ್ಟೆಯ ಬಿರುಕಿನಿಂದ ಕಿತ್ತು ತರುತ್ತಿದ್ದದ್ದು.
ಇದಕ್ಕೂ ದುಡ್ಡಾ ಎಂದು
ಗಲ್ಲಕ್ಕೆ ಕೈ ಇಟ್ಟುಕೊಳ್ಳುತ್ತಿದ್ದಳು, ಇದ್ದಿದ್ದರೆ.
ಮೇಲೆ ರಸ್ತೆಬದಿಯ ಪಪಾಯಿ, ಒಂದೊಂದು ಹೋಳು.

ಕಣ್ಣು ಪೂರಾ ಸರಿಹೋಯಿತೆಂದು ಹೇಳಲಾರೆ.
ಹನಿಯ ಬಾಟಲಿ ಇನ್ನೂ ಜೇಬಿನಲ್ಲಿದೆ.
ಆದರೂ ಸಂಜೆ, ಬಳ್ಳಿಯ ತುದಿಯಲ್ಲಿ,
ಕಪ್ಪಿನಿಂದ ಕಪ್ಪು ಒಂದು ಕೂದಲೆಳೆಯಷ್ಟು
ಸರಿದು ನಿಂತಂತೆ ಕಾಣುತ್ತದೆ.

ಈ ಸಲದ ಕಾರ್ಗೋದಲ್ಲಿ ಡಬ್ಬಿ ಐದೇ.
ಆರನೆಯದೆಲ್ಲಿ, ತಮ್ಮ ಫೋನು ಮಾಡಿ ಕೇಳಿದ.
ನಾನು ರೆಪ್ಪೆ ಮಿಟುಕಿಸಿದೆ.
ಫೋನಿನಲ್ಲಿ ಅದು ಕೇಳಿಸುವುದಿಲ್ಲ.