ಟಿಕೀಟಿಲ್ಲದವರು

ತಿಕೋಟಾ ಸ್ಟ್ಯಾಂಡಿನಾಗ ಫುಟ್‌ಬೋರ್ಡಿನಿಂದ ಜಾರಿ
ಎಡಗಾಲ ಹರಡ ಮುರಕೊಂಡ ಮ್ಯಾಲ
ಡಾಕ್ಟರು ಬರದು ಕೊಟ್ಟರು: ಆರು ವಾರ.

ಹತ್ತೊಂಬತ್ತು ವರ್ಷ ಕಂಡಕ್ಟರಕಿ ಮಾಡಿದಾಕಿ ನಾನು.
ಹಿತ್ತಲ ಅಂದ್ರ ನನಗ
ನಸುಕಿನಾಗ ಯೂನಿಫಾರಂ ಹಿಂಡಿ ಒಣಹಾಕೂ ಜಾಗಾ,
ಅಷ್ಟ.

ಈಗ ಅಲ್ಲೇ ಕುಂತೀನಿ ಪ್ಲಾಸ್ಟಿಕ್ ಖುರ್ಚಿ ಹಾಕಿ,
ಸುಣ್ಣದ ಕಾಲು ಬೋರಲ ಬಕೀಟಿನ ಮ್ಯಾಲ,
ಯಾವ ಊರಿಗೂ ಹೋಗದ ಬಸ್ಸಿನಾಗ
ಕಿಡಕಿ ಸೀಟು ಹಿಡದಾಕಿ ಹಂಗ.

ಮೊದಲನೇ ವಾರ ಬರೇ ಗದ್ದಲ.
ಪ್ಯಾರಲ ಗಿಡದ ಬುಡಕ ಬೂದಿ ಬಣ್ಣದವು ಏಳು
ಚಿಲ್ಲರಕ್ಕ ಜಗಳಾ ತಗದಂಗ.
ಹರಟೆಮಲ್ಲ ಅನ್ನೂ ಹೆಸರು ಆಮ್ಯಾಲ ತಿಳೀತು.
ಎಣಿಸಿದೆ. ಕೈಗೆ ಚಟಾ ನೋಡ್ರಿ,
ಎಣಿಸದಿದ್ರ ಉಂಡದ್ದು ಕರಗೂದಿಲ್ಲ.
ಎಂಟನೇದ್ದು ತಡಾ ಮಾಡಿ ಗ್ವಾಡಿ ಹಾರಿ ಬಂತು,
ಉಳದವು ಸರದು ಜಾಗಾ ಕೊಟ್ಟವು.
ಇಂಡಿ ಬಸ್ಸಿನಾಗ ಯಾರೂ
ಇಷ್ಟು ಸಲೀಸ ಸರದದ್ದು ನಾ ಕಂಡಿಲ್ಲ.

ಶೀಗಿ ಹುಣ್ಣಿಮಿ ಆತು. ಮೂಡಗಾಳಿ ಸುರುವಾತು.
ಬಿಸಲಿಗೆ ಸೊಲ್ಪ ಬುದ್ಧಿ ಬಂತು.
ಗ್ವಾಡಿ ಆಚೆ ಜೈತೂನಬಿ ಸಜ್ಜಿ ಹಸನ ಮಾಡತಾಳ,
ಮರದಿಂದ ಸಿಡದ ಕಾಳಿಗೆ ಗುಬ್ಬಿ ಮುಗಿಬೀಳತಾವ.
"ಇವಕ್ಕೂ ಹಾಫ್ ಟಿಕೀಟ್ ಹರೀರಿ ಅಕ್ಕಾ" ಅಂತ
ಒಂದು ಬಸಿ ಚಾ ಗ್ವಾಡಿ ಮ್ಯಾಲ ಇಡತಾಳ.
ಕುಂಟಕೋತ ನಾ ಅಲ್ಲಿಗೆ ಮುಟ್ಟೂದರಾಗ
ಚಾ ಆರಿರತೈತಿ. ಕುಡೀತೀನಿ.
ಆರಿದ ಚಾದೊಳಗ ಒಂದು ಬೇವಿನ ಎಲಿ.

ನಾಕನೇ ವಾರ, ಗೌರಿ ಹುಣ್ಣಿಮಿ ಮರುದಿನ,
ಕೊಬ್ಬರಿ ಎಣ್ಣಿ ಬಾಟಲಿ ಕುತ್ತಿಗಿಗೆ ಗಟ್ಟಿಯಾಗಿ
ಕಡ್ಡಿ ಹಾಕಿ ತಿರುವಿಕೋತ ಕುಂತಿದ್ದೆ.
ಬಟ್ಟಿ ಒಗಿಯೂ ಕಲ್ಲಿನ ಮ್ಯಾಲ
ಬೆನ್ನು ಬೂದಿ, ಹೊಟ್ಟಿ ಹಳದಿ, ಒಂದು ಹಿಡಿಯಷ್ಟಿಲ್ಲ,
ಬಾಲಾ ಮಾತ್ರ ಮ್ಯಾಲ ಕೆಳಗ, ಮ್ಯಾಲ ಕೆಳಗ,
ನಿಂತ ಗಾಡಿಯೊಳಗ ನಡುಗೂ ಗೇರಿನ ದಂಡದಂಗ.

ಜೈತೂನಬಿ ಮೊಮ್ಮಗಳು ಫರ್ಹಾನಾ
ಅರ್ಧಾ ಚೀಪಿದ ಸಕ್ಕರಿ ಗಿಣಿ ಕೈಯಾಗ ಹಿಡಕೊಂಡು
ಸಾಲಿ ಪುಸ್ತಕ ನೋಡಿ ಹೇಳಿದಳು:
ಸಿಪಿಲೆ. ಹಿಮಾಲಯದಿಂದ ಬರತೈತಂತ.

ಹಿಮಾಲಯದಿಂದ!
ಯಾವ ಡಿಪೋದ್ದು, ಊಟಕ್ಕ ಎಲ್ಲಿ ನಿಲ್ಲತೈತಿ,
ಅಲ್ಲಿಂದ ಇಲ್ಲಿಗೆ ಸ್ಟೇಜ್ ಎಷ್ಟು,
ಲೆಕ್ಕಾ ಹಾಕಾಕ ಹೋಗಿ ಕೈಬಿಟ್ಟೆ.
ಚೀಲಿಲ್ಲ, ಲಗೇಜಿಲ್ಲ, ಯಾರನ್ನೂ ಕೇಳಿಲ್ಲ,
ಇಳಿಯೂ ಸ್ಟಾಪು ಮಾತ್ರ ಪಕ್ಕಾ:
ಜೋಡ ಗುಮ್ಮಟದ ಹಿಂದಿನ ಓಣಿ,
ನಳಾ ಸೋರೂ ಮನಿ.

ವಾಶರ್ ತರಿಸಬೇಕು ಅಂತಂತ ವರ್ಷ ಕಳದಿದ್ದೆ.
ಪುಣ್ಯಾ, ತರಿಸಿಲ್ಲ.

ಹೋದ ವರ್ಷನೂ ಬಂದಿತ್ತೇನೋ ಇದು,
ಅದರ ಹಿಂದಿನ ವರ್ಷನೂ,
ಇದ ಕಲ್ಲಿಗೆ, ಇದ ಹನಿಗೆ.
ಆಗ ನಾನು ಸಿಂದಗಿ ಗಾಡಿಯೊಳಗ
"ಮುಂದ ಸರೀರಿ, ಮುಂದ ಸರೀರಿ" ಅನಕೋತ
ಮಂದಿ ಬೆನ್ನ ನೋಡತಿದ್ದೆ.
ಎರಡು ಸೀಟಿ ಅಂದ್ರ ಹೊಂಡು, ಒಂದು ಅಂದ್ರ ನಿಲ್ಲು.
ಈ ಹಕ್ಕಿ ಎದಿಯಾಗ ಒಂದ ಸೀಟಿ ಹೊಡೀತು.

ನಾಳೆ ಡ್ಯೂಟಿ. ಪ್ಲಾಸ್ಟರ್ ಬಿಚ್ಚ್ಯಾರ,
ಕಾಲು ಬೆಳ್ಳಗ, ಮೂಲಂಗಿ ಹಂಗ.
ಫಿಟ್ ಅಂತ ಬರದ ಚೀಟಿ
ಜೀರಗಿ ಡಬ್ಬಿ ಕೆಳಗ ಐತಿ.
ಹತ್ತೊಂಬತ್ತು ವರ್ಷ ಚೆಕಿಂಗಿನವರಿಗೆ
ನನ್ನ ಚೀಲದಾಗ ಒಂದು ರೂಪಾಯಿ
ಹೆಚ್ಚೂ ಸಿಕ್ಕಿಲ್ಲ, ಕಡಿಮಿನೂ ಸಿಕ್ಕಿಲ್ಲ.

ಇವತ್ತ ಡಿಪೋಕ್ಕ ಫೋನ್ ಹಚ್ಚಿ
"ಇನ್ನೂ ಬ್ಯಾನಿ ಐತ್ರಿ ಸಾಹೇಬ್ರ, ಇನ್ನೊಂದಿನ" ಅಂದೆ.
ಅನ್ನೂದರಾಗ ಅದು ಕಲ್ಲು ಬಿಟ್ಟು ಇಳದು
ಹಸಿ ನೆಲದ ಮ್ಯಾಲ ನಡಕೋತ ನಡಕೋತ
ನನ್ನ ಚಪ್ಪಲಿ ಬಾಜೂಕ ಬಂದು
ಒಂದು ಹುಳಾ ಹೆಕ್ಕಿತು.

ನಾ ಉಸಿರು ಬಿಡಲಿಲ್ಲ.
ಆಕಡಿಯಿಂದ ಸಾಹೇಬ್ರು
ಹಲೋ, ಹಲೋ ಅನ್ನಾಕ ಹತ್ತಿದ್ದರು.