ಎಡಗೈ ಒಳಗಿಡಿ

ಗುತ್ತಲು ರಸ್ತೆಯ ನಮ್ಮ ಕ್ಲಿನಿಕ್ಕಿನಲ್ಲಿ
ಮುಳ್ಳಿನ ತಕ್ಕಡಿ ನಿಂತಿದ್ದ ಮೂಲೆಗೆ
ಯುಗಾದಿ ಕಳೆದ ಮಾರನೇ ದಿನ ಮಿಷನ್ನು ಬಂತು.
ಅರಿಶಿನ ಕುಂಕುಮ ಹಚ್ಚಿ,
ಚಕ್ರವಿಲ್ಲದ್ದಕ್ಕೆ ಬುಡದಲ್ಲೇ ನಿಂಬೆಹಣ್ಣಿಟ್ಟು
ನಾನೇ ಪೂಜೆ ಮಾಡಿದೆ.

ಆ ತಕ್ಕಡಿ ಎರಡು ಕೇಜಿ ಹೆಚ್ಚು ತೋರಿಸ್ತಿತ್ತು.
ಎಲ್ಲರಿಗೂ ಗೊತ್ತಿತ್ತು. ಇಳಿಯೋ ಮೊದಲೇ
ಎರಡು ಕಳೆದುಕೊಂಡು ಇಳಿಯೋರು,
ಚಪ್ಪಲಿ ಬಿಟ್ಟಷ್ಟು ಸಲೀಸಾಗಿ.
ಇದು ಸುಳ್ಳು ಹೇಳಲ್ಲವಂತೆ.
ಅದಕ್ಕೇ ಯಾರಿಗೂ ನಂಬಿಕೆ ಇಲ್ಲ.
ಚೀಟಿ ಹಿಡಕೊಂಡು ನನ್ನ ಹತ್ರ ಬಂದು ಕೇಳ್ತಾರೆ:
‘ಇದರಲ್ಲಿ ಎಷ್ಟು ಕಳೀಬೇಕು, ಕಾಂಪೌಂಡ್ರೇ?’

ಮೂವತ್ತೊಂದು ವರ್ಷ ನಾಡಿ ಹಿಡಿದ ಬೆರಳು ನನ್ನದು.
ಈಗ ಹಸಿರು ಗುಂಡಿ ತೋರಿಸೋ ಕೆಲಸ.

ವಾರ್ತೆ ಓದೋರ ದನಿ ಅದಕ್ಕೆ.
‘ದಯವಿಟ್ಟು ತಮ್ಮ ಜನ್ಮದಿನಾಂಕವನ್ನು ನಮೂದಿಸಿ.’
ಹುಲಿಕೆರೆ ಮರಿಜೋಗಯ್ಯ ನನ್ನ ಮುಖ ನೋಡ್ತಾನೆ.
‘ನಾಲೆ ಒಡೆದ ವರ್ಷ. ಹುರುಳಿ ಒಕ್ಕೋ ಕಾಲ.’
ಅಂಥ ಕಾಲಕ್ಕೆ ಅದರಲ್ಲಿ ಜಾಗ ಇಲ್ಲ.
ಜನವರಿ ಒಂದು ಅಂತ ನಾನೇ ಒತ್ತುತೀನಿ.
ಹೀಗಾಗಿ ಈ ಕಡೆಯ ಅರ್ಧ ಜನ
ಒಂದೇ ದಿನ ಹುಟ್ಟಿದಾರೆ.
ಸೂಲಗಿತ್ತಿ ನಾನು.

ಸೈಕಲ್ ಶಾಪಿನ ರವೂಫಣ್ಣ
ತೋಳಿನ ಪಟ್ಟಿ ಬುಸುಗುಟ್ಟೋದ ಕೇಳಿ,
ಕುಕ್ಕರಗಾಲಲ್ಲಿ ಕೂತು ಕೆಳಗೆಲ್ಲ ಬಗ್ಗಿ ನೋಡಿ,
‘ಗಾಳಿ ಹೊಡಿಯೋದೇ ತಾನೆ’ ಅಂದ.
‘ನಮ್ಮಲ್ಲಿ ಐದು ರೂಪಾಯಿ.’

ಮತ್ತೆ ಗಂಗಾಜಮ್ಮ.
ಕೋರ್ಟಿನ ಹಿಂದಿನ ಮುದ್ದೆ ಮೆಸ್ಸು.
ದಿನಾ ಇನ್ನೂರು ಮುದ್ದೆ ಕಟ್ಟೋ ಬಲಗೈಯನ್ನೇ
ಮೊದಲ ಸಲ ತುರುಕಿದಳು.
‘ಎಡಗೈ’ ಅಂದೆ.
‘ಅದು ಏನೂ ಮಾಡಿಲ್ವಲ್ಲ’ ಅಂದಳು,
ತಪ್ಪಿಲ್ಲದ ಮಗನ್ನ ಠಾಣೆಗೆ ಕರೆಸಿದಂಗೆ.

‘ಅಳತೆ ಮುಗಿಯುವವರೆಗೆ ದಯವಿಟ್ಟು ಮಾತನಾಡಬೇಡಿ.’
ಪಟ್ಟಿ ಉಬ್ಬಿತು. ಬಿಗೀತು.
ಮಡಿಲಲ್ಲಿ ಫೋನು ಹೊಡಕೊಳ್ತಾನೇ ಇತ್ತು.
ನಾನು ನೋಡಿದೆ, ಅವಳು ನೋಡಲಿಲ್ಲ.
ಕಣ್ಣು ಮುಚ್ಚಿದ್ದಳು.
ಪಟ್ಟಿ ಸಡಿಲಾದ ಮೇಲೂ
ಕೈ ಅಲ್ಲೇ ಇತ್ತು, ಸ್ವಲ್ಪ ಹೊತ್ತು.

ಆಮೇಲೆ ಪ್ರತಿ ಮಂಗಳವಾರ ಮೂರೂವರೆಗೆ,
ಪಾತ್ರೆ ತೊಳೆಯೋಕೆ ಹಾಕಿ, ಸೆರಗಿಗೆ ಕೈ ಒರೆಸ್ತಾ ಬರ್ತಾಳೆ.
ಡಾಕ್ಟರು ಬೇಡ. ಚೀಟಿ ಕಸದ ಬುಟ್ಟಿಗೆ.
‘ಮಾತಾಡಬೇಡ ಅಂತದಲ್ಲಪ್ಪ, ಅದು ಚೆಂದ.
ಒಂದು ನಿಮಿಷ ಯಾರೂ ಸಾರು ಕೇಳಲ್ಲ.’

ನಾಲ್ಕನೇ ವಾರ, ಯಾಕೋ, ಬುಟ್ಟಿಗೆ ಕೈ ಹಾಕಿದೆ.
ಮುದುರಿದ್ದ ಚೀಟಿ ತೊಡೆ ಮೇಲೆ ಬಿಡಿಸಿದೆ.
ನೂರ ಎಂಬತ್ತನಾಲ್ಕು.
ಕೆಳಗೆ ಸಣ್ಣ ಅಕ್ಷರದಲ್ಲಿ, ಕೂಡಲೇ
ವೈದ್ಯರನ್ನು ಸಂಪರ್ಕಿಸಿ.
ಅವಳ ಕನ್ನಡಕ ಮೆಸ್ಸಿನ ಗಲ್ಲಾದಲ್ಲಿ ಇರ್ತದೆ.
ಹಿಂದಿನ ಮೂರು ಚೀಟಿ ಮುನಿಸಿಪಾಲ್ಟಿ ಗಾಡಿ ಹತ್ತಿ ಹೋಗಿದ್ದವು.

ಗೇಟಿನ ತನಕ ಓಡಿದೆ, ಈ ಮಂಡಿಯಲ್ಲಿ.
ಮಣಿಕಟ್ಟು ಹಿಡಿದೆ. ನಾಡಿ ತಾನೇ ಬೆರಳಿಗೆ ಸಿಕ್ತು,
ಬಾಗಿಲು ಗುದ್ದೋರ ಹಾಗೆ.
ಬಯ್ದಳು, ಸಾಯಂಕಾಲದ ಅಕ್ಕಿ ನೆನೆಹಾಕಿಲ್ಲ ಅಂದಳು.
ಕ್ಯೂ ತಪ್ಪಿಸಿ ಒಳಗೆ ಕೂರಿಸಿದೆ.
ಬೆಂಚಲ್ಲಿದ್ದೋರು ಗೊಣಗಿದರು. ಗೊಣಗಲಿ.
ಮಿಷನ್ನು ಎಲ್ಲ ಸರಿಯಾಗೇ ಹೇಳಿತ್ತು.
ಕಾಲಿಲ್ಲ ಅದಕ್ಕೆ, ಅಷ್ಟೆ.

ರಾತ್ರಿ ಕಸ ಹೊಡೆದು, ಶಟರು ಅರ್ಧ ಎಳೆದಿದ್ದೆ.
ಯಾರೂ ಮುಟ್ಟದೆ ಬಹಳ ಹೊತ್ತಾದರೆ ಅದು ಕೇಳ್ತದೆ:
‘ನೀವು ಇನ್ನೂ ಇಲ್ಲಿದ್ದೀರಾ?’
ಕೆಳಗೆ ಎರಡು ಗುಂಡಿ, ಹೌದು, ಇಲ್ಲ.
ತೀಟೆಗೆ ‘ಇಲ್ಲ’ ಒತ್ತಿದೆ.
‘ಧನ್ಯವಾದಗಳು. ಮುಂದಿನವರು ಬನ್ನಿ.’

ಆಚೆ ಈಚೆ ನೋಡಿದೆ.
ಚಪ್ಪಲಿ ಬಿಟ್ಟೆ.
ಜನವರಿ ಒಂದು ಅಂತ ಒತ್ತಿ
ಎಡಗೈ ಒಳಗಿಟ್ಟೆ.